ಬಿಸಿಲು ಸುರೀತಿದ್ರೂ ಮಿಲ್ ಯಾಕೆ ನಿಂತೋಯ್ತು ಅಂತ ಜಾಹೀರಾತಲ್ಲಿ ಹೇಳಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಾನು ತಿಪಟೂರು ಕಡೆಯವನು, ಹಿಟ್ಟಿನ ಮಿಲ್ ಇಟ್ಕೊಂಡಿದೀನಿ, ಮಿಲ್ ಹಿಂದ್ಗಡೆನೇ ಮನೆ. ಪೇಪರ್ ಬಿಚ್ಚಿದ್ರೆ ಈಗ ಸೋಲಾರ್ ಜಾಹೀರಾತು ಇಲ್ದಿರೋ ದಿನಾನೇ ಇಲ್ಲ, ಗಂಡ ಹೆಂಡ್ತಿ ಎರಡು ಮಕ್ಕಳು ತಾರಸಿ ಮೇಲೆ ನಿಂತ್ಕೊಂಡು ನಗ್ತಿರ್ತಾರೆ, ಪಕ್ಕದಲ್ಲಿ ದೊಡ್ಡಕ್ಷರದಲ್ಲಿ ಬಿಲ್ ಜೀರೋ ಅಂತ. ನಾನೂ ಅಂಥದ್ದೇ ಒಂದು ನೋಡಿ ಹಾಕಿಸ್ದೋನು, ಮನೆ ಮೇಲೆ 3 ಕಿಲೋವ್ಯಾಟು, ಮಿಲ್ ಶೀಟ್ ಮೇಲೆ 10 ಕಿಲೋವ್ಯಾಟು. ಹಾಕಿಸಿದ್ದಕ್ಕೆ ಬೇಜಾರಿಲ್ಲ, ಅದನ್ನ ಮೊದ್ಲೇ ಹೇಳ್ಬಿಡ್ತೀನಿ, ಇಲ್ಲಾಂದ್ರೆ ಇವನು ಸೋಲಾರ್ ಬೇಡ ಅಂತಿದಾನೆ ಅಂದ್ಕೋತೀರ. ಬೇಜಾರು ಇರೋದು, ದುಡ್ಡು ಈಸ್ಕೊಳೋ ತನಕ ಇದು ಹೆಂಗೆ ಕೆಲ್ಸ ಮಾಡುತ್ತೆ ಅಂತ ಒಬ್ಬನೂ ಬಾಯಿ ಬಿಡ್ಲಿಲ್ವಲ್ಲ ಅಂತ.

ಹೋದ ಬೇಸಿಗೆ, ಮಧ್ಯಾಹ್ನ ಹನ್ನೆರಡೂವರೆ ಇರ್ಬೇಕು, ತಲೆ ಸೀಳೋ ಬಿಸಿಲು, ಮಿಲ್ಲಲ್ಲಿ ರಾಗಿ ಓಡ್ತಿದೆ, ಮೇಲ್ಗಡೆ ಡಬ್ಬದಲ್ಲಿ ಇನ್ನೂ ಅರ್ಧ ಮೂಟೆ ಕಾಳಿದೆ, ಠಪ್ ಅಂತ ಕರೆಂಟ್ ಹೋಯ್ತು. ಕಲ್ಲು ಗೊರಗೊರ ಅಂದು ನಿಂತೋಯ್ತು. ರಾಗಿ ತಂದಿದ್ದ ಅಜ್ಜಿ ಒಂದ್ಸಲ ನನ್ನ ಮುಖ ನೋಡ್ತು, ಒಂದ್ಸಲ ಮೇಲೆ ಶೀಟ್ ಕಡೆ ನೋಡ್ತು. "ಅಲ್ಲ ಮಗ, ಮ್ಯಾಲೆ ಅಷ್ಟುದ್ದ ಗಾಜು ಹೊದ್ಸಿದ್ಯಲ್ಲ, ಬಿಸ್ಲು ಹಿಂಗ್ ಸುರೀತೈತೆ, ಮಿಷಿನ್ ಯಾಕ್ ನಿಂತೋಯ್ತು?" ಅಂತು. ನನ್ನ ಹತ್ರ ಉತ್ತರ ಇರ್ಲಿಲ್ಲ ಸಾರ್. ಪ್ಯಾನಲ್ ಕರೆಂಟನ್ನ ಮಿಷಿನ್ನಿಗೆ ಬೇಕಾದ ಕರೆಂಟ್ ಮಾಡೋ ಡಬ್ಬ ಇರುತ್ತಲ್ಲ, ಇನ್ವರ್ಟರ್, ಗೋಡೆ ಮೇಲಿರೋ ಅದರ ಹತ್ರ ಹೋಗಿ ನೋಡಿದ್ರೆ ಕೆಂಪು ಲೈಟು. ಹಾಕ್ಕೊಟ್ಟೋನಿಗೆ ಫೋನ್ ಮಾಡಿದ್ರೆ ಮೂರು ಸಲ ಎತ್ಲಿಲ್ಲ, ನಾಕನೇ ಸಲ ಎತ್ತಿ, "ಅದು ಹಂಗೇ ಸಾರ್, ಆನ್‌ಗ್ರಿಡ್ ಅಲ್ವಾ" ಅಂದ. ಹಂಗೇ ಅಂದ್ರೆ ಹೆಂಗೆ? ಲಕ್ಷಗಟ್ಲೆ ಕೊಟ್ಟಿರೋದು ನಾನು, ಹಂಗೇ ಅನ್ನೋ ಪದ ಕೊಟೇಶನ್‌ನಲ್ಲಿ ಎಲ್ಲೂ ಇರ್ಲಿಲ್ಲ.

ಬಿಡಿಸಿ ಹೇಳಿದ್ದು ನಮ್ಮ ಏರಿಯಾ ಲೈನ್‌ಮ್ಯಾನು, ಈಗ ಪವರ್‌ಮ್ಯಾನ್ ಅನ್ಬೇಕಂತೆ. ಸಾಯಂಕಾಲ ಟೀ ಅಂಗಡಿಲಿ ಸಿಕ್ದ. "ಅಣ್ಣ, ನಾನು ಸ್ವಿಚ್ ಇಳಿಸಿ, ಲೈನು ಸತ್ತಿದೆ ಅಂತ ನಂಬ್ಕೊಂಡು ಕಂಬ ಹತ್ತಿರ್ತೀನಿ. ಆ ಟೈಮಲ್ಲಿ ನಿಮ್ಮ ಶೀಟ್ ಮೇಲಿಂದ ಕರೆಂಟು ಲೈನಿಗೆ ಬಂತು ಅನ್ಕೊಳಿ, ಟ್ರಾನ್ಸ್‌ಫಾರ್ಮರ್ ಉಲ್ಟಾ ಕೆಲ್ಸ ಮಾಡುತ್ತೆ, ಈ ಕಡೆ 415 ವೋಲ್ಟು ಆ ಕಡೆ 11 ಸಾವಿರ ಆಗುತ್ತೆ, ನನ್ನ ಹೆಂಡ್ತಿ ಮಕ್ಕಳಿಗೆ ನೀವು ಏನು ಹೇಳ್ತೀರ?" ಅಂದ. ನಾನು ಸುಮ್ನಾದೆ. ಆಮೇಲೆ ತಿಳ್ಕೊಂಡೆ, ಆನ್‌ಗ್ರಿಡ್, ಅಂದ್ರೆ ಕಂಬದ ಲೈನಿಗೆ ಜೋಡಿಸಿರೋ ಇನ್ವರ್ಟರ್, ಯಾವಾಗ್ಲೂ ಲೈನಿನ ನಾಡಿ ಹಿಡ್ಕೊಂಡೇ ಕೂತಿರುತ್ತೆ, ಲೈನಲ್ಲಿ ಎಷ್ಟು ವೋಲ್ಟು, ಸೆಕೆಂಡಿಗೆ 50 ಸಲ ಬಡಿತಾ ಇದೆಯಾ ಇಲ್ವಾ ಅಂತ ನೋಡ್ಕೊಂಡು ಅದೇ ತಾಳಕ್ಕೆ ತನ್ನ ಕರೆಂಟನ್ನ ಸೇರಿಸುತ್ತೆ. ನಾಡಿ ನಿಂತ ತಕ್ಷಣ, ಸೆಕೆಂಡ್ ಎರಡು ಸೆಕೆಂಡ್ ಒಳಗೆ, ತಾನೂ ಕೈ ಎತ್ಬೇಕು. ಇದು ಫಾಲ್ಟ್ ಅಲ್ಲ, ಬೇಕು ಅಂತಲೇ ಮಾಡಿರೋದು. ಕರೆಂಟ್ ಹೋದಾಗ್ಲೂ ಓಡ್ಬೇಕು ಅಂದ್ರೆ ಬ್ಯಾಟರಿ ಇರೋ ಹೈಬ್ರಿಡ್ ಬೇಕು, ಮನೆಗಾದ್ರೆ ಸರಿ, ಖರ್ಚು ಜಾಸ್ತಿ ಆದ್ರೂ ಲೈಟು ಫ್ಯಾನು ಟೀವಿ ನಡ್ಯುತ್ತೆ. ಮಿಲ್ಲಿಗೆ ಅದು ಆಗೋ ಮಾತಲ್ಲ, 10 ಎಚ್‌ಪಿ ಮೋಟರ್ ಸ್ಟಾರ್ಟ್ ಆಗೋ ಹೊತ್ತಿಗೆ ಐದಾರು ಪಟ್ಟು ಕರೆಂಟ್ ಎಳ್ಯುತ್ತೆ, ಅಷ್ಟಕ್ಕೆ ತಡ್ಕೊಳೋ ಬ್ಯಾಟರಿ ಹಾಕೋ ದುಡ್ಡಲ್ಲಿ ಇನ್ನೊಂದು ಮಿಲ್ಲೇ ಹಾಕ್ಬೋದು.

ಇಷ್ಟು ಆದ್ಮೇಲೆ ನಂಗೆ ಹುಚ್ಚು ಹಿಡೀತು, ಇದು ಏನು ಎತ್ತ ಅಂತ ತಿಳ್ಕೊಂಡೇ ಬಿಡಣ ಅಂತ. ನಮ್ಮ ಅಣ್ಣನ ಮಗ ಡಿಪ್ಲೊಮಾ ಎಲೆಕ್ಟ್ರಿಕಲ್, ಅವನನ್ನ ಕೂರಿಸ್ಕೊಂಡು ಕೇಳ್ದೆ. ಪ್ಯಾನಲ್ ಒಳಗೆ ನೀಲಿ ಕಪ್ಪು ಚೌಕ ಚೌಕ ಕಾಣ್ಸುತ್ತಲ್ಲ ಅದು ಸಿಲಿಕಾನು, ಮರಳಲ್ಲಿರೋದೇ, ಚೆನ್ನಾಗಿ ಶುದ್ಧ ಮಾಡಿ ತೆಳ್ಳಗೆ ಹಪ್ಪಳದ ಥರ ಕುಯ್ದಿರ್ತಾರೆ. ಅದರ ಒಂದು ಪದರಕ್ಕೆ ಚಿಟಿಕೆ ರಂಜಕ, ಇನ್ನೊಂದು ಪದರಕ್ಕೆ ಚಿಟಿಕೆ ಬೋರಾನ್ ಬೆರೆಸಿರ್ತಾರೆ. ಒಂದರಲ್ಲಿ ಎಲೆಕ್ಟ್ರಾನ್ ಹೆಚ್ಚು, ಇನ್ನೊಂದರಲ್ಲಿ ಕೊರತೆ, ಎರಡೂ ಸೇರೋ ಕಡೆ ಒಂದು ಗೇಟ್ ಥರ ಆಗುತ್ತೆ. ನಂಗೆ ತಲೆಗೆ ಹೋಗ್ಲಿಲ್ಲ. ಆಗ ಅವನು, "ಚಿಕ್ಕಪ್ಪ, ಬೋರ್‌ವೆಲ್ಲಿಗೆ ಎನ್‌ಆರ್‌ವಿ ಹಾಕಿರ್ತೀವಲ್ಲ, ನೀರು ಮೇಲೆ ಹೋಗ್ಬೋದು, ವಾಪಸ್ ಬರಂಗಿಲ್ಲ, ಹಂಗೆ" ಅಂದ. ಬೆಳಕು ಬಿದ್ದು ಎಲೆಕ್ಟ್ರಾನನ್ನ ಜಾಗದಿಂದ ಎಬ್ಬಿಸುತ್ತೆ, ಎದ್ದಿದ್ದು ಆ ಗೇಟ್ ದಾಟಿ ಒಂದು ಕಡೆ ಹೋಗಿ ಸೇರುತ್ತೆ, ಬಂದ ದಾರೀಲಿ ವಾಪಸ್ ಹೋಗೋಕಾಗಲ್ಲ, ಹೋಗ್ಬೇಕಂದ್ರೆ ಹೊರಗಿನ ವೈರ್ ಹಿಡ್ಕೊಂಡು ಸುತ್ತಾಕ್ಕೊಂಡು ಬರ್ಬೇಕು. ಆ ಸುತ್ತೋ ದಾರೀಲಿ ನಾವು ಇನ್ವರ್ಟರ್ ಇಟ್ಟಿರ್ತೀವಿ, ಕೆಲ್ಸ ಮಾಡಿಸ್ಕೋತೀವಿ. ಅಷ್ಟೇ ಕಣ್ರೀ ವಿಷ್ಯ. ಚಕ್ರ ಇಲ್ಲ, ಬೇರಿಂಗ್ ಇಲ್ಲ, ಬೆಲ್ಟ್ ಇಲ್ಲ, ಗ್ರೀಸ್ ಹಚ್ಚೋ ಹಂಗಿಲ್ಲ. ಮೂವತ್ತು ವರ್ಷ ಬೆಲ್ಟು ಬೇರಿಂಗು ಬದ್ಲಾಯಿಸ್ಕೊಂಡು ಬಂದಿರೋ ನಂಗೆ ಇದು ನಂಬೋಕೇ ಕಷ್ಟ ಆಯ್ತು. ಬೆಳಕಿಂದ ಕರೆಂಟ್ ಹುಟ್ಟುತ್ತೆ ಅಂತ ಬೆಕ್ರೆಲ್ ಅನ್ನೋ ಫ್ರಾನ್ಸ್ ಹುಡುಗ 1839ರಲ್ಲೇ ಕಂಡಿದ್ನಂತೆ, ಆದ್ರೆ ಕೆಲ್ಸಕ್ಕೆ ಬರೋ ಸಿಲಿಕಾನ್ ಸೆಲ್ಲು ಬಂದಿದ್ದು 1954ರಲ್ಲಿ, ಅಮೆರಿಕದ ಬೆಲ್ ಲ್ಯಾಬಲ್ಲಿ, ಅದೂ ಬಿದ್ದ ಬಿಸಿಲಲ್ಲಿ ನೂರಕ್ಕೆ ಆರು ಪಾಲು ಮಾತ್ರ ಕರೆಂಟ್ ಮಾಡೋದು. ಈಗ ನಮ್ಮನೆ ಮೇಲಿರೋದು ನೂರಕ್ಕೆ ಇಪ್ಪತ್ತೊಂದು.

ಒಂದು ಸೆಲ್ಲಿಂದ ಬರೋದು ಅರ್ಧ ವೋಲ್ಟ್ ಚಿಲ್ರೆ, ಟಾರ್ಚಿನ ಒಂದು ಸೆಲ್ಲಿನಷ್ಟೂ ಇಲ್ಲ. ಟಾರ್ಚಿಗೆ ಒಂದರ ಹಿಂದೆ ಒಂದು ಸೆಲ್ ತುಂಬ್ತೀವಲ್ಲ, ಹಂಗೇ ಒಂದರ ಬಾಲಕ್ಕೆ ಒಂದು ಕಟ್ಟಿ ಒಂದು ಪ್ಯಾನಲ್ಲಿಗೆ 40 ವೋಲ್ಟ್ ಮಾಡ್ತಾರೆ, ಅಂಥ ಆರು ಪ್ಯಾನಲ್ ಸಾಲಾಗಿ ಕಟ್ಟಿದ್ರೆ 240. ಇದು ಡಿಸಿ ಕರೆಂಟು, ಬ್ಯಾಟರಿಲಿ ಇರೋ ಥರದ್ದು, ಒಂದೇ ಕಡೆ ಹರಿಯುತ್ತೆ. ಮನೆಗೆ ಬೇಕಾಗಿರೋದು ಎಸಿ, ಅದನ್ನ ಮಾಡೋಕೇ ಇನ್ವರ್ಟರ್. ಇಲ್ಲಿ ಒಂದು ಮಾತು ಹೇಳ್ಲೇಬೇಕು, ಡಿಸಿ ಅಂದ್ರೆ ಹುಡುಗಾಟ ಅಲ್ಲ. ನಾನು ದೊಡ್ಡ ಮನುಷ್ಯನ ಥರ ಪ್ಯಾನಲ್ ಕೆಳಗಿನ ವೈರ್ ಸಡಿಲ ಆಗಿದೆ ಅಂತ ಹಗಲೊತ್ತಲ್ಲೇ ಎಳ್ದೆ, ನೀಲಿ ಕಿಡಿ ಚರ್ರ್ ಅಂತ ಎದ್ದು ಪ್ಲಾಸ್ಟಿಕ್ ಕಮಟು ವಾಸನೆ ಬಂತು, ಎರಡು ದಿನ ಕೈ ನಡುಗ್ತಿತ್ತು. ಮೇನ್ ಆಫ್ ಮಾಡಿದ್ರೂ ಬೆಳಕು ಬೀಳ್ತಿರೋ ತನಕ ಪ್ಯಾನಲ್ಲಿಂದ ವೈರಿಗೆ ವೋಲ್ಟೇಜ್ ಇದ್ದೇ ಇರುತ್ತೆ, ಸೂರ್ಯಂಗೆ ಸ್ವಿಚ್ ಎಲ್ಲಿದೆ. ದಯವಿಟ್ಟು ಯಾರೂ ನನ್ನ ಥರ ಮಾಡ್ಬೇಡಿ.

ಇನ್ನೊಂದು ತಪ್ಪು ತಿಳುವಳಿಕೆ. ಅಜ್ಜಿ ಅವತ್ತೇ ಇನ್ನೊಂದು ಪ್ರಶ್ನೆ ಕೇಳಿತ್ತು, "ಇದ್ರಲ್ಲಿ ನೀರು ಎಲ್ಲಿ ಕಾಯುತ್ತೆ" ಅಂತ. ಬೆಂಗ್ಳೂರಲ್ಲಿ ಮಗನ ಮನೆ ತಾರಸಿ ಮೇಲೆ ಟ್ಯಾಂಕು ಪೈಪು ಇರೋ ಸೋಲಾರ್ ನೋಡಿದೆ ಅದು. ತಪ್ಪೇನಿಲ್ಲ, ನಮ್ಮಲ್ಲಿ ಸೋಲಾರ್ ಅಂದ್ರೆ ಮೊದ್ಲು ಬಿಸಿನೀರೇ ತಾನೆ. ಅದಕ್ಕೆ ಬೇಕಾಗಿರೋದು ಕಾವು, ಇದಕ್ಕೆ ಬೇಕಾಗಿರೋದು ಬೆಳಕು. ಕಾವು ಇದಕ್ಕೆ ಶತ್ರು. ಏಪ್ರಿಲಲ್ಲಿ ಪ್ಯಾನಲ್ ಮೇಲೆ ಕೈ ಇಡೋಕಾಗಲ್ಲ, 65 ಡಿಗ್ರಿ ಮುಟ್ಟಿರುತ್ತೆ, 25 ಡಿಗ್ರಿ ಮೇಲೆ ಒಂದೊಂದು ಡಿಗ್ರಿಗೂ ನೂರಕ್ಕೆ 0.35ರಷ್ಟು ಕಮ್ಮಿ ಆಗ್ತಾ ಹೋಗುತ್ತೆ, ಲೆಕ್ಕ ಹಾಕಿ, ನೂರಕ್ಕೆ ಹದಿನಾಲ್ಕು ಅಲ್ಲೇ ಹೋಯ್ತು. ನಮ್ಮನೆ 3 ಕಿಲೋವ್ಯಾಟಿಗೆ ಜಾಸ್ತಿ ಯೂನಿಟ್ ಬಂದಿದ್ದು ಫೆಬ್ರವರಿಲಿ, ಆಕಾಶ ತೊಳ್ದಿಟ್ಟಂಗಿತ್ತು, ಗಾಳಿ ತಣ್ಣಗಿತ್ತು, ದಿನಕ್ಕೆ ಹದಿನಾಲ್ಕು ಹದಿನೈದು ಯೂನಿಟ್ಟು. ಆಷಾಢದ ಜಡಿಮಳೇಲಿ ಐದಕ್ಕೆ ಇಳೀತು, ಆದ್ರೆ ಸೊನ್ನೆ ಆಗ್ಲಿಲ್ಲ, ಮೋಡ ಇದ್ರೂ ಬೆಳಕು ಇರುತ್ತಲ್ಲ. ವರ್ಷದ ಸರಾಸರಿ ತೆಗೆದ್ರೆ ನಮ್ಮ ಕಡೆ ಒಂದು ಕಿಲೋವ್ಯಾಟಿಗೆ ದಿನಕ್ಕೆ ನಾಕು ಯೂನಿಟ್ ಅಂತ ಇಟ್ಕೊಳಿ, ಅದಕ್ಕಿಂತ ಜಾಸ್ತಿ ಬಾಯಲ್ಲಿ ಹೇಳೋನನ್ನ ನಂಬ್ಬೇಡಿ.

ಈಗ ನನ್ನ ದೊಡ್ಡ ತಲೆನೋವಿಗೆ ಬರ್ತೀನಿ, ತೆಂಗಿನ ಮರ. ತಿಪಟೂರಲ್ಲಿ ತೆಂಗಿನ ಮರ ಇಲ್ದಿರೋ ಜಾಗ ತೋರಿಸಿ ನೋಡಣ. ಪಕ್ಕದ ತೋಟದ ಒಂದು ಮರದ ಗರಿ ಮಧ್ಯಾಹ್ನ ಮೂರರ ಮೇಲೆ ಮನೆ ಪ್ಯಾನಲ್ ಮೇಲೆ ನೆರಳು ಬಿಡುತ್ತೆ, ಅದೂ ಆರರಲ್ಲಿ ಒಂದೇ ಪ್ಯಾನಲ್ಲು, ಅದರಲ್ಲೂ ಮೂಲೆ. ಒಂದು ಗರಿ ತಾನೆ, ಏನ್ಮಹಾ ಅನ್ಕೊಂಡಿದ್ದೆ. ಮೊಬೈಲ್ ಆ್ಯಪಲ್ಲಿ ನೋಡಿದ್ರೆ ಬೆಳಗ್ಗೆಯಿಂದ ಗುಡ್ಡದ ಥರ ನೀಟಾಗಿ ಬಂದಿರೋ ಗೆರೆ ಮೂರು ಗಂಟೆಗೆ ಯಾರೋ ಕತ್ತಿಲಿ ಕಡಿದಂಗೆ ಬಿದ್ದಿರುತ್ತೆ. ಸಾಲಾಗಿ ಕಟ್ಟಿರೋದ್ರಿಂದ ಪೈಪ್ ಒಂದು ಕಡೆ ಮಡಚ್ಕೊಂಡ್ರೆ ಇಡೀ ಪೈಪಿನ ನೀರು ಕಟ್ಟಿದಂಗೆ ಅದು. ಪೂರ್ತಿ ಕಟ್ಟಬಾರ್ದು ಅಂತಲೇ ಪ್ಯಾನಲ್ ಹಿಂದ್ಗಡೆ ಡಬ್ಬೀಲಿ ಮೂರು ಡಯೋಡ್ ಇಟ್ಟಿರ್ತಾರೆ, ನೆರಳು ಬಿದ್ದ ಭಾಗನ ಬಿಟ್ಟು ಕರೆಂಟು ಪಕ್ಕದ ದಾರೀಲಿ ಹೋಗ್ಲಿ ಅಂತ, ಆದ್ರೂ ನೆರಳು ಬಿದ್ದ ಜಾಗಕ್ಕಿಂತ ನಷ್ಟ ಜಾಸ್ತಿನೇ. ಹಾಕೋಕೆ ಬಂದ ಕಂಪನಿ ಹುಡುಗ ಬೆಳಗ್ಗೆ ಹತ್ತು ಗಂಟೆಗೆ ಬಂದು ತಾರಸಿ ನೋಡಿ, "ಸೂಪರ್ ಜಾಗ ಸಾರ್" ಅಂತ ಹೇಳಿ ಹೋದ. ಸಾಯಂಕಾಲ ನಾಕಕ್ಕೆ ಬಂದಿದ್ರೆ ಗೊತ್ತಾಗ್ತಿತ್ತು, ಎರಡು ಮಾರು ಆ ಕಡೆ ಹಾಕಿದ್ರೆ ಮುಗೀತಿತ್ತು.

ಮಿಲ್ ಮೇಲಿಂದು ಬೇರೆ ಕಥೆ. ಅಲ್ಲಿ ನೆರಳಿಲ್ಲ, ಆದ್ರೆ ನಮ್ಮದೇ ಹಿಟ್ಟಿನ ಧೂಳು. ಮಿಲ್ಲಿಂದ ಹಾರಿದ ಹಿಟ್ಟು ಗಾಜಿನ ಮೇಲೆ ಕೂರುತ್ತೆ, ಬೆಳಗಿನ ಜಾವ ಇಬ್ಬನಿ ಬೀಳುತ್ತೆ, ಎರಡೂ ಸೇರಿ ಗಂಜಿ, ಬಿಸಿಲಿಗೆ ಒಣಗಿ ಗೋಡೆಗೆ ಪೋಸ್ಟರ್ ಅಂಟಿಸ್ದಂಗೆ ಹಿಡ್ಕೊಳ್ಳುತ್ತೆ. ಹಂಗೇ ಬಿಟ್ಟಿದ್ದಕ್ಕೆ ದಿನಕ್ಕೆ ನಲವತ್ತು ಬರೋ ಕಡೆ ಮೂವತ್ತೆರಡು ಬರ್ತಿತ್ತು. ಈಗ ವಾರಕ್ಕೊಂದ್ಸಲ ಆರು ಗಂಟೆಗೆಲ್ಲ ಎದ್ದು, ಗಾಜು ಇನ್ನೂ ತಣ್ಣಗಿರೋವಾಗ್ಲೇ, ನೀರು ಬಿಟ್ಟು ಮೆತ್ತನೆ ಬಟ್ಟೆ ಕಟ್ಟಿದ ಕೋಲಲ್ಲಿ ಒರೆಸ್ತೀನಿ. ಮಧ್ಯಾಹ್ನ ಕಾದ ಗಾಜಿನ ಮೇಲೆ ತಣ್ಣೀರು ಹೊಯ್ದ್ರೆ ಕಾದ ಹೆಂಚಿನ ಮೇಲೆ ನೀರು ಹೊಯ್ದಂಗೆ, ಸೀಳ್ಬೋದು.

ಬಿಲ್ ವಿಷ್ಯಕ್ಕೆ ಬಂದ್ರೆ ಊರಲ್ಲಿ ಒಂದು ಗುಮಾನಿ ಓಡಾಡ್ತಿದೆ, ಯೂನಿಟ್ ಕದೀತಾರೆ ಅಂತ. ನನ್ನ ಒಂದು ತಿಂಗಳ ಲೆಕ್ಕ ಹೇಳ್ತೀನಿ. ಆ್ಯಪಲ್ಲಿ 360 ಯೂನಿಟ್ ಹುಟ್ಟಿದೆ ಅಂತಿತ್ತು, ಬಿಲ್ಲಲ್ಲಿ ಎಕ್ಸ್‌ಪೋರ್ಟ್ 250 ಅಂತ. ನನ್ನ ಹೆಂಡ್ತಿ ಹೌಹಾರಿ, "110 ಎಲ್ಲಿ ಹೋಯ್ತು ರೀ, ವಿಚಾರಿಸಿ" ಅಂದ್ಲು. ಎಲ್ಲೂ ಹೋಗಿಲ್ಲ, ಹಗಲೊತ್ತು ನಮ್ಮನೆ ಫ್ರಿಜ್ಜು ಮಿಕ್ಸಿ ವಾಷಿಂಗ್ ಮಿಷಿನ್ನು ನೀರಿನ ಮೋಟರು ಅದನ್ನ ಅಲ್ಲೇ ತಿಂದಿವೆ, ಮೀಟರ್ ತನಕ ಬರ್ಲೇ ಇಲ್ಲ, ಬರ್ದಿರೋದನ್ನ ಮೀಟರ್ ಹೆಂಗೆ ಎಣಿಸುತ್ತೆ. ಸೋಲಾರ್ ಹಾಕಿಸ್ದಾಗ ಕೂರಿಸೋ ಹೊಸ ಮೀಟರು ಎಣಿಸೋದು ಎರಡೇ, ನಮ್ಮನೆಯಿಂದ ಹೊರಗೆ ಹೋಗಿದ್ದು, ಹೊರಗಿಂದ ಒಳಗೆ ಬಂದಿದ್ದು. ರಾತ್ರಿ ಹೊತ್ತು ನಾವು ಎಳ್ಕೊಂಡಿದ್ದು 270, ಕೊಟ್ಟಿದ್ದು 250, ಕಳೆದ್ರೆ 20 ಯೂನಿಟ್ಟಿಗೆ ದುಡ್ಡು. ಅದ್ರ ಮೇಲೆ ಫಿಕ್ಸೆಡ್ ಚಾರ್ಜ್. ಬಿಲ್ ಜೀರೋ ಅನ್ನೋ ಜಾಹೀರಾತಿನ ಬಂಡವಾಳ ಇಲ್ಲೇ ಬಯಲಾಗೋದು, ಯೂನಿಟ್ ಜೀರೋ ಆದ್ರೂ ಎಷ್ಟು ಕಿಲೋವ್ಯಾಟ್ ಲೋಡ್ ತಗೊಂಡಿದೀವೋ ಅಷ್ಟಕ್ಕೆ ತಿಂಗಳು ತಿಂಗಳು ಫಿಕ್ಸೆಡ್ ಚಾರ್ಜ್ ಕಟ್ಲೇಬೇಕು. ಮಿಲ್ಲಿಗಂತೂ ಅದು ಕಣ್ಣಿಗೆ ಹೊಡಿಯೋಷ್ಟು ಇರುತ್ತೆ. ಎಳ್ಕೊಂಡಿದ್ದಕ್ಕಿಂತ ಜಾಸ್ತಿ ಕೊಟ್ರೆ ಮಿಕ್ಕಿದ್ದಕ್ಕೆ ಕೆಇಆರ್‌ಸಿ, ಅಂದ್ರೆ ರಾಜ್ಯದ ಕರೆಂಟ್ ರೇಟ್ ಆಯೋಗ, ಗೊತ್ತುಮಾಡಿದ ರೇಟ್ ಸಿಗುತ್ತೆ, ಅದು ನಾವು ಕೊಳ್ಳೋ ರೇಟಿಗಿಂತ ಕಮ್ಮಿ, ಹಂಗಾಗಿ ತಾರಸಿ ತುಂಬ ಹಾಕಿ ಕರೆಂಟ್ ಮಾರಿ ಶ್ರೀಮಂತ ಆಗ್ತೀನಿ ಅನ್ನೋ ಆಸೆ ಇದ್ರೆ ಬಿಟ್ಬಿಡಿ.

ಇನ್ನು ಯಾರು ಹಾಕ್ಬೇಕು ಯಾರು ಬೇಡ. 2023ರ ಜುಲೈಯಿಂದ ಗೃಹಜ್ಯೋತಿ ಬಂದಿದೆ, ಅವರವರ ಹಳೇ ಬಳಕೆ ಲೆಕ್ಕದ ಮೇಲೆ, ಹೆಚ್ಚಂದ್ರೆ 200 ಯೂನಿಟ್ ತನಕ ಫ್ರೀ. ಅಷ್ಟರಲ್ಲೇ ಸಂಸಾರ ನಡೀತಿರೋ ಮನೆಗೆ ಸೋಲಾರ್ ಮಾರೋಕೆ ಬರೋನನ್ನ ಟೀ ಕೊಟ್ಟು ಕಳಿಸಿ, ಬಾರದ ಬಿಲ್ಲನ್ನ ಉಳಿಸೋಕೆ ಸಾಲ ಯಾಕೆ. ನಮ್ಮದು ಒಟ್ಟು ಕುಟುಂಬ, 200 ದಾಟುತ್ತೆ, ದಾಟಿದ್ರೆ ಪೂರ್ತಿ ಬಿಲ್ಲು, ಅದಕ್ಕೇ ಹಾಕಿಸಿದ್ದು. ಕೇಂದ್ರದ್ದು ಪಿಎಂ ಸೂರ್ಯ ಘರ್ ಅಂತ 2024ರ ಫೆಬ್ರವರಿಲಿ ಬಂತಲ್ಲ, ಒಂದು ಕೋಟಿ ಮನೆಗೆ ಅಂತ, ಅದ್ರಲ್ಲಿ ಮೊದ್ಲ ಎರಡು ಕಿಲೋವ್ಯಾಟಿಗೆ ತಲಾ 30 ಸಾವಿರ, ಮೂರನೇದಕ್ಕೆ 18 ಸಾವಿರ, ಒಟ್ಟು 78 ಸಾವಿರ, ಅದ್ರ ಮೇಲೆ ಎಷ್ಟು ದೊಡ್ಡದು ಹಾಕಿದ್ರೂ ಅಷ್ಟೇ. ಸಬ್ಸಿಡಿ ಬೇಕಂದ್ರೆ ಪ್ಯಾನಲ್ಲು, ಅದರೊಳಗಿನ ಸೆಲ್ಲು ಎರಡೂ ನಮ್ಮ ದೇಶದಲ್ಲೇ ಮಾಡಿರ್ಬೇಕು, ಡಿಸಿಆರ್ ಅಂತಾರೆ ಅದಕ್ಕೆ. ನನ್ನ ಸ್ನೇಹಿತನೊಬ್ಬ ಅಗ್ಗ ಅಂತ ಬೇರೆ ಪ್ಯಾನಲ್ ಹಾಕಿಸ್ಕೊಂಡು ಈಗ ಸಬ್ಸಿಡಿ ಬರ್ಲಿಲ್ಲ ಅಂತ ಓಡಾಡ್ತಿದಾನೆ, ಮಾರಿದೋನು ಫೋನೇ ಎತ್ತಲ್ಲ.

ಅಂಗಡಿ, ಮಿಲ್ಲು, ಫ್ಯಾಕ್ಟರಿಗಳಿಗೆ ಆ ಸಬ್ಸಿಡಿ ಇಲ್ಲ. ಆದ್ರೂ ನನ್ನ ಕೇಳಿದ್ರೆ ಇದು ಮನೆಗಿಂತ ವ್ಯಾಪಾರಕ್ಕೇ ಚೆನ್ನಾಗಿ ಹೊಂದ್ಕೊಳ್ಳೋದು. ಮನೇಲಿ ಕರೆಂಟ್ ಬೇಕಾಗೋದು ಸಾಯಂಕಾಲ ಏಳರಿಂದ ಹತ್ತು, ಬಿಸಿಲಿರೋದು ಹತ್ತರಿಂದ ಮೂರು. ನನ್ನ ಮಿಲ್ಲು ಓಡೋದೂ ಹತ್ತರಿಂದ ಮೂರು, ಹುಟ್ಟಿದ್ದು ಹುಟ್ಟಿದಂಗೆ ಕಲ್ಲಿಗೇ ಹೋಗುತ್ತೆ. ಒಂದಿನ ಟಾಂಗ್ ಟೆಸ್ಟರ್, ವೈರಲ್ಲಿ ಎಷ್ಟು ಕರೆಂಟ್ ಹರೀತಿದೆ ಅಂತ ತೋರ್ಸೋದು, ಹಾಕಿ ನೋಡಿದ್ವಿ, ಮೋಟರ್ ಪೂರ್ತಿ ಲೋಡಲ್ಲಿದೆ, ಲೈನಿಂದ ಬರ್ತಿರೋ ವೈರಲ್ಲಿ ಏನಂದ್ರೆ ಏನೂ ಇಲ್ಲ ಅನ್ನೋಷ್ಟು ಕಮ್ಮಿ. ಅಷ್ಟರಲ್ಲಿ ಒಂದು ಮೋಡ ಬಂತು, ಲೈನಿನ ವೈರಲ್ಲಿ ಮುಳ್ಳು ಸರ್ರಂತ ಏರಿತು, ಮೋಡ ಹೋಯ್ತು, ಇಳೀತು. ಕಲ್ಲಿನ ಸದ್ದಲ್ಲಿ ಮಾತ್ರ ಕೂದಲೆಳೆ ವ್ಯತ್ಯಾಸ ಇಲ್ಲ. ಮೋಡ ಬಂದ್ರೆ ಮಿಲ್ ನಿಧಾನ ಆಗುತ್ತಾ ಅಂತ ಕೇಳೋರಿಗೆ ಇದೇ ಉತ್ತರ. ಕೊಚ್ಚಿ ಏರ್‌ಪೋರ್ಟ್ 2015ರಲ್ಲೇ ತನ್ನ ಕರೆಂಟ್‌ನಷ್ಟು ಸೋಲಾರ್ ತಾನೇ ಮಾಡ್ಕೊಳಂಗಾಯ್ತು, ಅದೂ ಹಗಲು ಮಿಕ್ಕಿದ್ದು ಲೈನಿಗೆ ಕೊಟ್ಟು ರಾತ್ರಿ ಈಸ್ಕೊಳೋದೇ, ನಮ್ಮ ಮನೆ ಲೆಕ್ಕದ್ದೇ ದೊಡ್ಡಣ್ಣ. ಇನ್‌ಕಮ್ ಟ್ಯಾಕ್ಸ್ ಕಟ್ಟೋ ದೊಡ್ಡ ವ್ಯಾಪಾರಸ್ಥರಿಗೆ ವರ್ಷಕ್ಕೆ 40 ಪರ್ಸೆಂಟ್ ಡಿಪ್ರಿಸಿಯೇಷನ್, ಅಂದ್ರೆ ಸವಕಳಿ ಅಂತ ಖರ್ಚು, ತೋರಿಸೋ ಅನುಕೂಲ ಬೇರೆ ಇದೆ, ಆಡಿಟರ್ ಹೇಳಿದ್ದು, ನಮ್ಮಂಥ ಸಣ್ಣವರಿಗೆ ಅದ್ರಿಂದ ಅಂಥಾ ಪ್ರಯೋಜನ ಏನಿಲ್ಲ.

ನಮ್ಮ ಜಿಲ್ಲೆದೇ ಪಾವಗಡದಲ್ಲಿ 13 ಸಾವಿರ ಎಕರೆ, 2050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ, ರೈತರಿಂದ ಜಮೀನು ಕೊಂಡ್ಕೊಳ್ಳದೆ ಎಕರೆಗೆ ವರ್ಷಕ್ಕೆ 21 ಸಾವಿರದಿಂದ ಶುರು ಮಾಡಿ ಗುತ್ತಿಗೆಗೆ ತಗೊಂಡ್ರು. ಮಳೆ ಇಲ್ದೆ ಕಡ್ಲೆಕಾಯಿ ಹಾಕಿ ಕೈ ಸುಟ್ಕೊಂಡಿದ್ದ ಎಷ್ಟೋ ಜನಕ್ಕೆ ಅದು ಒಂದು ದಾರಿ ಆಯ್ತು, ಜಮೀನೇ ಇಲ್ದೆ ಕೂಲಿ ಮಾಡ್ತಿದ್ದೋರಿಗೆ ಬಾಡಿಗೆನೂ ಇಲ್ಲ ಕೂಲಿನೂ ಇಲ್ಲ ಆಯ್ತು, ಅದು ಇನ್ನೊಂದು ಪತ್ರಕ್ಕೆ ಆಗೋಷ್ಟು ವಿಷ್ಯ. ನಾನು ಹೇಳೋಕೆ ಹೊರಟಿದ್ದು, ಜಗತ್ತೇ ತಿರುಗಿ ನೋಡೋಷ್ಟು ದೊಡ್ಡ ಪಾರ್ಕ್ ಇರೋ ಜಿಲ್ಲೇಲಿ, ಶೀಟ್ ಮೇಲೆ ಹತ್ತು ಕಿಲೋವ್ಯಾಟ್ ಹಾಕಿಸ್ಕೊಂಡೋನಿಗೆ ಕರೆಂಟ್ ಹೋದ್ರೆ ಇದೂ ಹೋಗುತ್ತೆ ಅಂತ ಗೊತ್ತಾಗೋಕೆ ಒಂದು ಟೀ ಅಂಗಡಿ, ಒಬ್ಬ ಪವರ್‌ಮ್ಯಾನ್ ಬೇಕಾಯ್ತು.

ಅದಕ್ಕೇ ನನ್ನ ಬೇಡಿಕೆ ಇಷ್ಟು. ಕರೆಂಟ್ ಕೊಡೋ ಎಸ್ಕಾಂ ಕಂಪನಿಗಳು ಸೋಲಾರ್ ಅರ್ಜಿ ತಗೊಳೋವಾಗ್ಲೇ ಗ್ರಾಹಕರ ಕೈಗೆ ಕನ್ನಡದಲ್ಲಿ ಒಂದು ಹಾಳೆ ಕೊಡ್ಲಿ, ಲೈನ್ ಹೋದ್ರೆ ಇದು ನಿಲ್ಲುತ್ತೆ, ಫಿಕ್ಸೆಡ್ ಚಾರ್ಜ್ ಹೋಗಲ್ಲ, ಆ್ಯಪಿನ ಯೂನಿಟ್ಟೇ ಬೇರೆ ಬಿಲ್ಲಿನ ಯೂನಿಟ್ಟೇ ಬೇರೆ ಅಂತ. ಕಂಪನಿಯೋರು ಕೊಟೇಶನ್ ಕೊಡೋಕೆ ಮುಂಚೆ ತಾರಸಿಗೆ ಬೆಳಗ್ಗೆ ಒಂದ್ಸಲ, ಮಧ್ಯಾಹ್ನ ಒಂದ್ಸಲ, ಸಾಯಂಕಾಲ ಒಂದ್ಸಲ ಬಂದು ನೆರಳು ನೋಡ್ಲಿ, ನೋಡಿದೀವಿ ಅಂತ ಬರ್ದು ಸಹಿ ಹಾಕ್ಲಿ. ಇನ್ನು ತಮ್ಮ ಪತ್ರಿಕೆಗೂ ಒಂದು ಮಾತು, ಸಿಟ್ಟಾಗ್ಬೇಡಿ, ಆ ಜಾಹೀರಾತಿನ ದುಡ್ಡು ನೀವೂ ತಗೋತೀರ. ಕೆಳಗೆ ಒಂದು ಸಾಲು, "ಕರೆಂಟ್ ಹೋದಾಗ ಈ ಸೋಲಾರ್ ಓಡೋದಿಲ್ಲ" ಅಂತ ಹಾಕಿಸಿ ಅಂತ ಅವರಿಗೆ ಹೇಳೋಕಾಗುತ್ತಾ?

ಅಜ್ಜಿ ಹೋದ ವಾರ ಮತ್ತೆ ರಾಗಿ ತಂದಿತ್ತು. ಎಲ್ಲಾ ಬಿಡಿಸಿ ಹೇಳ್ದೆ, ಕಂಬದ ಮೇಲಿರೋ ಹುಡುಗನ ಜೀವ ಉಳ್ಸೋಕೆ ಅದು ನಿಲ್ಲುತ್ತೆ ಅಂತ. "ಹಂಗಾದ್ರೆ ನಿಂತ್ಕೊಳ್ಲಿ ಬುಡು, ನಾನೇನ್ ಓಡೋಗ್ತೀನಾ" ಅಂದು ಮೂಟೆ ಮೇಲೆ ಕೂತ್ಕೊಂಡು ಎಲೆ ಅಡಿಕೆ ಹಾಕ್ಕೊಳ್ತು. ತೆಂಗಿನ ಗರಿ ವಿಷ್ಯ ಇನ್ನೂ ಇತ್ಯರ್ಥ ಆಗಿಲ್ಲ, ಆ ಮರ ನಮ್ಮ ಚಿಕ್ಕಪ್ಪಂದು, ಫಲಕ್ಕೆ ಬಂದಿರೋ ಮರ, ಕಡಿ ಅನ್ನೋಕೆ ಬಾಯಿ ಬರಲ್ಲ. ಯುಗಾದಿ ಕಳೀಲಿ, ಕಾಯಿ ಕೀಳೋಕೆ ಆಳು ಬರ್ತಾನಲ್ಲ, ಆಗ ಆ ಕಡೆಯ ಎರಡು ಗರಿ ಇಳಿಸು ಅಂತ ಕೇಳ್ಬೇಕು.

ಇಂತಿ ತಮ್ಮ ಓದುಗ,
ಒಬ್ಬ ಹಿಟ್ಟಿನ ಮಿಲ್ಲಿನವನು, ತಿಪಟೂರು ತಾಲ್ಲೂಕು